ನೀಲಿ ಕಾಗದದ ಮೇಲೆ

ಪರ್ರನೆ ಕಾಗದ ಎಳೆಯುವ ಆ ಸದ್ದನ್ನು ನೀವೂ ಕೇಳಿರುತ್ತೀರಿ. ಲಂಡನ್ನಿನಲ್ಲಿ ಯಾವ ವೈದ್ಯರ ಕೋಣೆಗೆ ಹೋದರೂ ಒಂದು ಎತ್ತರದ ಹಾಸಿಗೆ ಇರುತ್ತದೆ, ಅದರ ತಲೆದೆಸೆಯಲ್ಲಿ ಒಂದು ದಪ್ಪ ಸುರುಳಿ. ಅದರಿಂದ ನೀಲಿ ಕಾಗದ ಎಳೆದು ಹಾಸುತ್ತಾರೆ, ನಾವು ಮಲಗುತ್ತೇವೆ, ಎದ್ದ ಮೇಲೆ ಹರಿದು ಬುಟ್ಟಿಗೆ ಎಸೆಯುತ್ತಾರೆ. ಮೊದಲ ಸಲ ನೋಡಿದಾಗ ನನ್ನನ್ನು ಕಂಡರೆ ಇವರಿಗೆ ಮಡಿಮೈಲಿಗೆ ಎಂದುಕೊಂಡು ಸಿಟ್ಟಾಗಿದ್ದೆ. ಆಮೇಲೆ ನೋಡಿದರೆ ಎಲ್ಲರಿಗೂ ಅದೇ ಕಾಗದ.

ಇವತ್ತು ಬೆಳಿಗ್ಗೆಯೂ ಆ ಸದ್ದಾಯಿತು. ಎಳೆದವಳು ಕೆಂಪು ಕೂದಲಿನ ಒಬ್ಬ ಹುಡುಗಿ, ಇನ್ನೂ ಓದುತ್ತಿರುವವಳು. ಕಾಗದ ಓರೆಯಾಗಿ ಹರಿಯಿತು. ಮತ್ತೆ ಎಳೆದಳು, ಮತ್ತೆ ಓರೆ. ನಾನು ಹರಿದದ್ದರ ಮೇಲೆಯೇ ಕೂತೆ. ಅವಳು ಏನು ಕೇಳುತ್ತಾಳೆಂದು ನನಗೆ ಗೊತ್ತಿತ್ತು. ಅದಕ್ಕೆ ನಾನು ಯಾವ ಸುಳ್ಳು ಹೇಳಬೇಕೆಂಬುದೂ ಗೊತ್ತಿತ್ತು. ಈಗ ಸುಳ್ಳು ಹೇಳುವುದೇ ನನ್ನ ಕೆಲಸ. ಈ ವಯಸ್ಸಿನಲ್ಲಿ ಇಂಥ ಕೆಲಸ ಹೇಗೆ ಸಿಕ್ಕಿತು ಅಂತ ಹೇಳುತ್ತೇನೆ, ಕೇಳಿ.

ನಾನು ಓದಿದ್ದು ನಾಲ್ಕನೇ ಕ್ಲಾಸು. ಅಕ್ಷರ ಬರುತ್ತದೆ, ಒತ್ತಕ್ಷರ ಬಂದಾಗ ಸ್ವಲ್ಪ ನಿಂತು ಯೋಚಿಸುತ್ತೇನೆ. ಆದರೆ ನನ್ನ ಕೈ ಓದಿತ್ತು. ನಮ್ಮಮ್ಮ ಬಾಣಂತಿಯರಿಗೆ ಎಣ್ಣೆ ನೀರು ಹಾಕುವವಳು. ಅವಳ ಹಿಂದೆ ಚೊಂಬು ಹಿಡಿದು ಓಡಾಡಿ ಕಲಿತೆ. ಮೈಸೂರಿನ ಡಾಕ್ಟರ ಕುಟುಂಬವೊಂದು ಲಂಡನ್ನಿನ ಹೌನ್ಸ್ಲೋದಲ್ಲಿತ್ತು. ಸೊಸೆಯ ಬಾಣಂತನಕ್ಕೆಂದು ನನ್ನನ್ನು ಕರೆಸಿಕೊಂಡರು. ಮಗು ಬೆಳೆಯಿತು, ಇನ್ನೊಂದು ಹುಟ್ಟಿತು, ಅವರ ಗೆಳೆಯರ ಮನೆಗಳಲ್ಲೂ ಹೆರಿಗೆಯಾದವು, ನಾನು ಉಳಿದೇಬಿಟ್ಟೆ. ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲಿ ಹೊಟ್ಟೆ ಕೊಯ್ಯುವ ಡಾಕ್ಟರುಗಳು ತಮ್ಮ ಮಗುವಿಗೆ ನೀರು ಹಾಕುವಾಗ ಮಾತ್ರ ನನಗೆ ಕೊಟ್ಟು ದೂರ ನಿಲ್ಲುತ್ತಿದ್ದರು. ಜಂಬ ಬರದೆ ಇರುತ್ತದೆಯೇ? ಬಂತು.

ಆ ಜಂಬದಲ್ಲಿ ಒಂದು ಕೆಲಸ ಮಾಡಿದೆ. ಆ ಮನೆಯ ದೊಡ್ಡಮ್ಮ, ಅಂದರೆ ಡಾಕ್ಟರ ತಾಯಿ, ಒಂದು ದಿನ "ಬೆನ್ನು ಹಿಡ್ಕೊಂಡಿದೆ ಕಣೇ, ಸ್ವಲ್ಪ ಒತ್ತು" ಎಂದರು. ಒತ್ತಿದೆ. "ಇನ್ನೂ ಗಟ್ಟಿಯಾಗಿ" ಎಂದರು. ಮಂಡಿ ಊರಿ ಭಾರ ಬಿಟ್ಟೆ. ಪಟ್ ಎಂದಿತು. ಹಪ್ಪಳ ಮುರಿದ ಹಾಗೆ, ಅಷ್ಟು ಸಣ್ಣ ಸದ್ದು. ದೊಡ್ಡಮ್ಮ ಕೂಗಲಿಲ್ಲ, ಉಸಿರು ಹಿಡಿದು ನನ್ನ ಮುಖ ನೋಡಿದರು. ಪಕ್ಕೆಲುಬು ಮುರಿದಿತ್ತು. ಬಚ್ಚಲಲ್ಲಿ ಜಾರಿದೆ ಎಂದು ಮಗನಿಗೆ ಹೇಳಿದರು. ನಾನೂ ಹೂಂ ಎಂದೆ. ಆ ಸುಳ್ಳು ಅವರೊಂದಿಗೆ ಹೋಯಿತು, ಸದ್ದು ಮಾತ್ರ ನನ್ನ ಬಳಿ ಉಳಿಯಿತು. ಅಂದಿನಿಂದ ದೊಡ್ಡವರ ಬೆನ್ನಿಗೆ ನಾನು ಕೈ ಹಾಕಲಿಲ್ಲ. ಯಾರಾದರೂ ಕೇಳಿದರೆ ಕೈ ನೋವು ಎನ್ನುತ್ತಿದ್ದೆ.

ನಾನೂ ಮುದುಕಿಯಾದೆ. ಕೌನ್ಸಿಲ್ ಕೊಟ್ಟ ಫ್ಲಾಟಿನಲ್ಲಿ ಒಬ್ಬಳೇ ಇದ್ದೆ, ಲಿಫ್ಟ್ ಕೆಟ್ಟರೆ ಮೂರು ಮಹಡಿ ಹತ್ತಬೇಕು. ಬೆನ್ನು, ಮಂಡಿ ಎರಡೂ ಕೈಕೊಟ್ಟವು. ಜಿಪಿ, ಅಂದರೆ ನಮ್ಮ ಬಡಾವಣೆಯ ಡಾಕ್ಟರು, ಅವರ ಹತ್ತಿರ ಹೋದರೆ ಹತ್ತು ನಿಮಿಷ ಮಾತು, ಎರಡು ಬಗೆಯ ಮಾತ್ರೆ. ನನ್ನ ಮೇಲಿನ ಮನೆಯ ಜಯಮ್ಮನೇ ಒಂದು ಶಾಲೆಯ ವಿಷಯ ಹೇಳಿದ್ದು.

"ಆಸ್ಟಿಯೋಪತಿ ಅಂತಾರೆ ಕಣಕ್ಕ. ಕೈಯಲ್ಲೇ ಕೀಲು, ಬೆನ್ನು, ಎಲ್ಲಾ ನೋಡ್ತಾರೆ. ಕಲಿಯೋ ಮಕ್ಕಳು. ಒಂದು ಗಂಟೆ ನೋಡ್ತಾರೆ, ಓಡ್ಸಲ್ಲ."

"ಕಲಿಯೋರ ಕೈಗೆ ನಾನ್ಯಾಕೆ ಸಿಗ್ಲಿ?"

"ನಿನ್ನ ಕೈಗೆ ಆ ಹಸುಗೂಸುಗಳು ಸಿಕ್ಕಿರ್ಲಿಲ್ವಾ? ಹೋಗು ಸುಮ್ನೆ."

ಹೋದೆ. ಪಿಕಡಿಲಿ ಲೈನಿನ ನೆಲದಡಿಯ ರೈಲು ಹತ್ತಿ, ಇಳಿದು, ಮತ್ತೊಂದು ಟ್ಯೂಬು ಹಿಡಿದು, ನದಿಯ ಆಚೆ ದಡ. ಶಾಲೆಯದೇ ಒಂದು ಕ್ಲಿನಿಕ್ಕು. ಪರದೆ ಕಟ್ಟಿದ ಸಣ್ಣ ಸಣ್ಣ ಕೋಣೆಗಳು, ಒಂದೊಂದರಲ್ಲಿ ಒಬ್ಬೊಬ್ಬ ವಿದ್ಯಾರ್ಥಿ. ಅಲ್ಲೊಂದು ಕ್ರಮವಿದೆ. ಹುಡುಗರು ಮೊದಲು ನಮ್ಮ ಕಥೆಯೆಲ್ಲ ಕೇಳಿ ಬರೆದುಕೊಳ್ಳಬೇಕು. ಆಮೇಲೆ ನಿಲ್ಲಿಸಿ, ಬಗ್ಗಿಸಿ ನೋಡಬೇಕು. ಆಮೇಲೆ ಹಿಂದಿನ ಕೋಣೆಯಲ್ಲಿ ಕೂತ ಟೀಚರ್ ಬಳಿ ಹೋಗಿ ಏನು ಕಂಡೆ, ಏನು ಮಾಡುತ್ತೇನೆ ಎಂದು ಒಪ್ಪಿಸಬೇಕು. ಟೀಚರ್ ತಲೆಯಾಡಿಸಿದರೆ ಮಾತ್ರ ಚಿಕಿತ್ಸೆ. ಟೀಚರ್ ಹೆಸರು ಹೆಲೆನ್. ಒಣಗಿದ ಬಿಳಿ ಹೆಂಗಸು, ನನ್ನಷ್ಟೇ ವಯಸ್ಸಿರಬೇಕು, ನಗುವುದು ಕಡಿಮೆ. ಅವಳು ಹುಡುಗರಿಗೆ ಹೇಳುತ್ತಿದ್ದ ಒಂದು ಮಾತು ಪರದೆಯಾಚೆಯಿಂದ ಕೇಳಿ ಕೇಳಿ ನನಗೂ ಬಾಯಿಪಾಠವಾಗಿತ್ತು: "ಮೊದಲು ಕೇಳಿ, ಆಮೇಲೆ ನೋಡಿ, ಕೊನೆಗೆ ಮುಟ್ಟಿ. ಪ್ರತಿ ಸಲವೂ ಮೊದಲಿನಿಂದ."

ನನ್ನ ಪಾಲಿಗೆ ಬಂದವಳು ಪಲ್ಲವಿ. ಕೊನೆಯ ವರ್ಷದವಳು. ಕಾಗದದಲ್ಲಿ ನನ್ನ ಹೆಸರು ಓದಿ ಕಣ್ಣರಳಿಸಿದಳು.

"ಅಜ್ಜಿ, ನೀವು ಕನ್ನಡದವ್ರೇನ್ರಿ? ನಮ್ಮ ಅಪ್ಪ ಅಮ್ಮ ಧಾರವಾಡದವ್ರು. ನಂದು ಕನ್ನಡ ಅಷ್ಟು ಚಲೋ ಇಲ್ಲ, ಸಾರಿ."

"ಕನ್ನಡ ಸೊಟ್ಟಗಿದ್ರೂ ಇರ್ಲಿ ಕಣವ್ವ. ನನ್ನ ಬೆನ್ನು ನೆಟ್ಟಗೆ ಮಾಡು, ಸಾಕು."

ಅವಳ ತಂದೆ ಆಸ್ಪತ್ರೆಯಲ್ಲಿ ದೊಡ್ಡ ಡಾಕ್ಟರು. ಮಗಳು ಈ ಶಾಲೆಗೆ ಸೇರಿದ್ದು ಆತನಿಗೆ ಸೇರದು. "ಡಾಕ್ಟರ ಮಗಳಾಗಿ ಮಂದಿ ಬೆನ್ನು ತಿಕ್ಕಲಿಕ್ಕೆ ಹೊಂಟೀಯಲ್ಲ ಅಂತಾನ್ರಿ ಅಪ್ಪ" ಎಂದು ನಗುತ್ತಲೇ ಹೇಳಿದಳು. ನಗು ಕಣ್ಣಿಗೆ ಏರಲಿಲ್ಲ. ಕ್ಯಾನರಿ ವಾರ್ಫಿನ ಆಫೀಸುಗಳ ನಡುವೆ ಒಂದು ಕ್ಲಿನಿಕ್ಕಿನಲ್ಲಿ ಅವಳಿಗೆ ಕೆಲಸ ಕಾದಿತ್ತು. ಕೊನೆಯ ಪರೀಕ್ಷೆ ಪಾಸಾಗುವುದೊಂದೇ ಬಾಕಿ.

ಅವಳ ಕೈ ಒಳ್ಳೆಯ ಕೈ. ಇದನ್ನು ನಾನು ಯಾರಿಗೂ ಸುಮ್ಮನೆ ಹೇಳುವವಳಲ್ಲ. ಕೆಲವರ ಕೈ ಅವಸರ ಮಾಡುತ್ತದೆ, ಕೆಲವರದು ಹೆದರುತ್ತದೆ. ಇವಳದು ಕಾಯುತ್ತಿತ್ತು. ಒಮ್ಮೆ ಬೆನ್ನಿಗೆ ಗಟ್ಟಿಯಾದ ಒಂದು ತಳ್ಳು ಕೊಟ್ಟಳು. ಟಕ್ ಎಂದು ಬಿಟ್ಟುಕೊಂಡಿತು, ಹಾಯೆನಿಸಿತು. ಆ ದಿನ ಅವಳನ್ನು ಒಪ್ಪಿಕೊಂಡೆ.

ತಪ್ಪು ಆಗಿದ್ದು ಮೂರನೆಯ ಭೇಟಿಯಲ್ಲಿ. ಅವಳು ಎಂದಿನಂತೆ, "ಅಜ್ಜಿ, ಯಾವ ಮಾತ್ರೆ ತಗೋತೀರಿ?" ಎಂದು ಕೇಳಿದಳು. ನನಗೆ ರೇಗಿತು.

"ಹೋದ ಸಲಾನೂ ಕೇಳ್ದೆ, ಹೇಳ್ದೆ. ಬಿಪಿದು ಒಂದೇ. ಮತ್ತೆ ಮತ್ತೆ ಕೇಳ್ತೀಯಲ್ಲ, ನಾನೇನು ಸುಳ್ಳು ಹೇಳ್ತೀನಾ?"

ಹುಡುಗಿಯ ಮುಖ ಕೆಂಪಾಯಿತು. "ಇಲ್ಲ ಅಜ್ಜಿ, ಸಾರಿ." ನಮ್ಮ ಮನೆಗಳಲ್ಲಿ ಬೆಳೆದ ಮಕ್ಕಳು ದೊಡ್ಡವರನ್ನು ಎರಡು ಸಲ ಕೇಳುವುದಿಲ್ಲ. ಎರಡನೆಯ ಸಲ ಕೇಳಿದರೆ ನಂಬಿಲ್ಲ ಎಂದಂತೆ. ಲಂಡನ್ನಿನಲ್ಲಿ ಹುಟ್ಟಿದ್ದರೂ ಅವಳಿಗೆ ಅದನ್ನು ತಾಯಿ ಕಲಿಸಿದ್ದಳು, ಹೆಲೆನ್‌ಗೆ ಅದನ್ನು ಮರೆಸಲು ಆಗಿರಲಿಲ್ಲ. ಆಮೇಲಿಂದ ಅವಳು ಮಾತ್ರೆಯ ಮಾತು ಎತ್ತಲಿಲ್ಲ. "ಊಟ ಆತೇನ್ರಿ?" ಎಂದು ಕೇಳಿ, ಬರೆಯುವ ಕಡೆ ಏನೂ ಬದಲಾಗಿಲ್ಲ ಎಂದು ಬರೆದುಕೊಳ್ಳುತ್ತಿದ್ದಳು.

ಅಷ್ಟರಲ್ಲಿ ಜಯಮ್ಮ ಊರಿಗೆ ಹೋಗಿಬಂದಳು. ಒಂದು ಹಳದಿ ಡಬ್ಬಿ ತಂದುಕೊಟ್ಟಳು. ಮೇಲೆ ಹೆಸರಿಲ್ಲ, ಚೀಟಿಯಿಲ್ಲ, ಒಳಗೆ ಕಂದು ಪುಡಿ.

"ಮಂಡಿಗೆ ಕಣಕ್ಕ. ಬರೀ ಗಿಡಮೂಲಿಕೆ. ಬೆಳಿಗ್ಗೆ ಒಂದು ಚಮಚ, ಜೇನುತುಪ್ಪದಲ್ಲಿ."

ಮೂರನೆಯ ದಿನ ನಾನು ಮೆಟ್ಟಿಲು ಹತ್ತಿದೆ. ಲಿಫ್ಟ್ ಸರಿಯಾಗಿತ್ತು, ಆದರೂ ಹತ್ತಿದೆ. ಹಸಿವೂ ಬಂತು. ಎರಡು ತಿಂಗಳಲ್ಲಿ ಕೆನ್ನೆ ತುಂಬಿ ಮುಖ ದುಂಡಗಾಯಿತು. "ಲಂಡನ್ ನೀರು ಈಗ ಹಿಡೀತು ನೋಡು ನಿಂಗೆ" ಎಂದಳು ಜಯಮ್ಮ. ಪುಡಿಯನ್ನು ನಾನು ಔಷಧಿ ಎಂದುಕೊಳ್ಳಲೇ ಇಲ್ಲ. ಔಷಧಿ ಎಂದರೆ ಚೀಟಿ ಬರೆದು ಕೊಡುವುದು. ಇದು ಡಬ್ಬಿಯಲ್ಲಿ, ಮೆಣಸಿನ ಪುಡಿಯ ಪಕ್ಕ ಇರುವುದು. ಹಾಗಂತ ನನಗೆ ನಾನೇ ಹೇಳಿಕೊಂಡೆ. ಆದರೆ ಶಾಲೆಗೆ ಹೋಗುವ ದಿನ ಡಬ್ಬಿಯ ವಿಷಯ ಬಾಯಿಗೆ ಬಂದು ಮತ್ತೆ ಒಳಕ್ಕೆ ಹೋಗುತ್ತಿತ್ತು, ಅದೂ ನಿಜ.

ಏಕೆ ಹೇಳಲಿಲ್ಲ ಎನ್ನುತ್ತೀರಾ? ಪುಡಿ ತಿಂದ ಮೇಲಿನ ಮೊದಲ ಭೇಟಿಯಲ್ಲಿ ನಾನು ಕೈಯೂರದೆ ಹಾಸಿಗೆಯಿಂದ ಎದ್ದೆ. ಪಲ್ಲವಿ ಬಾಯಿ ಮೇಲೆ ಕೈ ಇಟ್ಟುಕೊಂಡಳು. "ಅಜ್ಜಿ! ಕೈ ಹಚ್ಚಲಾರದೆ ಎದ್ರಿ!" ಓಡಿಹೋಗಿ ಹೆಲೆನ್‌ಳನ್ನು ಎಳೆದು ತಂದಳು, ಮತ್ತೊಮ್ಮೆ ಏಳಿಸಿ ತೋರಿಸಿದಳು. ನಗದ ಹೆಲೆನ್ ಕೂಡ ಅವಳ ಬೆನ್ನು ತಟ್ಟಿದಳು. ತನ್ನ ಕೈಯಿಂದ ಒಬ್ಬರಿಗೆ ಗುಣವಾಯಿತು ಎಂದು ತಿಳಿದವರ ಮುಖ ಹೇಗಿರುತ್ತದೆಂದು ನನಗೆ ಗೊತ್ತು. ಆ ಮುಖವನ್ನು ಕೆಡಿಸಲು ಮನಸ್ಸಾಗಲಿಲ್ಲ. ಒಂದು ವಾರ ಸುಮ್ಮನಿದ್ದೆ. ಒಂದು ವಾರ ಸುಮ್ಮನಿದ್ದವಳಿಗೆ ನಾಲ್ಕು ತಿಂಗಳು ಸುಮ್ಮನಿರುವುದು ಕಷ್ಟವಲ್ಲ.

ಪರೀಕ್ಷೆಯಲ್ಲಿ ಒಬ್ಬ ಹೊಸ ರೋಗಿಯನ್ನು, ಒಬ್ಬ ಹಳೆಯ ರೋಗಿಯನ್ನು ನೋಡಿ ತೋರಿಸಬೇಕು. ಹಳೆಯ ರೋಗಿಯಾಗಿ ಅವಳು ನನ್ನನ್ನು ಆರಿಸಿಕೊಂಡಳು. ಇಡೀ ವರ್ಷದಲ್ಲಿ ತನ್ನಿಂದ ಚೆನ್ನಾಗಿ ಗುಣವಾದವಳು ನಾನೇ ಎಂದು. ಆ ದಿನ ಬೆಳಿಗ್ಗೆ ನಾನು ಒಂದು ಚಮಚದ ಬದಲು ಎರಡು ಚಮಚ ಪುಡಿ ತಿಂದೆ. ಪರೀಕ್ಷೆಯಲ್ಲಿ ಚೆನ್ನಾಗಿ ಎದ್ದು ಕೂರಬೇಕಲ್ಲ. ಡಬ್ಬಿಯನ್ನೂ ಚೀಲಕ್ಕೆ ಹಾಕಿಕೊಂಡೆ. ದಾರಿಯಲ್ಲಿ ನೋವು ಬಂದರೆ ಎಂದು.

ಕೋಣೆಯಲ್ಲಿ ಇಬ್ಬರು ಪರೀಕ್ಷಕರು: ಗಡ್ಡದ ಒಬ್ಬ ಗಂಡಸು, ತೊಡೆಯ ಮೇಲೆ ಕಾಗದ ಇಟ್ಟುಕೊಂಡ ಒಬ್ಬ ಹೆಂಗಸು. ಗೋಡೆಯ ಮೇಲೆ ಗಡಿಯಾರ. ಪಲ್ಲವಿ ಆ ದಿನ ನನ್ನನ್ನು ಅಜ್ಜಿ ಎನ್ನಲಿಲ್ಲ, ಇಂಗ್ಲಿಷಿನಲ್ಲಿ ಮಿಸೆಸ್ ಎಂದಳು. ಎಲ್ಲವನ್ನೂ ಮೊದಲಿನಿಂದ ಕೇಳಿದಳು. ಹೊಸದಾಗಿ ಯಾವುದಾದರೂ ಔಷಧಿ?

"ಇಲ್ಲ. ಬಿಪಿ ಒಂದೇ."

ಎಷ್ಟು ಸಲೀಸಾಗಿ ಹೇಳಿದೆ ನೋಡಿ. ಗಡ್ಡದವನು ಅವಳನ್ನು ಕೇಳಿದ, ಈಕೆ ಇಷ್ಟು ಗುಣವಾಗಲು ಕಾರಣವೇನು? ತನ್ನ ಚಿಕಿತ್ಸೆ ಎಂದು ಅವಳು ವಿವರಿಸಿದಳು, ಧ್ವನಿಯಲ್ಲಿ ಹೆಮ್ಮೆಯಿತ್ತು. ಆತ ಬರೆದುಕೊಂಡ. "ಮುಂದುವರಿಸಿ" ಎಂದ.

ಅವಳು ಮಾಡಿ ತೋರಿಸಬೇಕಿದ್ದದ್ದು ಅದೇ ತಳ್ಳು. ಅಂಗಾತ ಮಲಗಿ, ಎರಡೂ ಕೈಗಳಿಂದ ನನ್ನ ಭುಜವನ್ನು ನಾನೇ ಅಪ್ಪಿಕೊಳ್ಳಬೇಕು. ಅವಳು ಬೆನ್ನ ಕೆಳಗೆ ಮುಷ್ಟಿ ಇಟ್ಟು, ಮೇಲಿನಿಂದ ತನ್ನ ಭಾರ ಬಿಡಬೇಕು. ನನ್ನ ಕೈಗಳನ್ನು ಅಡ್ಡ ಹಾಕುವಾಗ ಸ್ವೆಟರಿನ ತೋಳು ಮೇಲಕ್ಕೆ ಸರಿಯಿತು. ಮುಂಗೈ ತುಂಬ ನೇರಳೆ ಕಲೆ. ಅವಳು ಹೆಬ್ಬೆರಳಿನಿಂದ ಮೆಲ್ಲಗೆ ಸವರಿದಳು. ಈರುಳ್ಳಿ ಸಿಪ್ಪೆಯ ಹಾಗೆ ಚರ್ಮ ಸರಿದಾಡಿತು.

"ಇದೇನು?" ಎಂದಳು ಇಂಗ್ಲಿಷಿನಲ್ಲಿ.

"ಬಸ್ಸಿನ ಕಂಬ ತಗುಲಿತು."

"ಎರಡೂ ಕೈಗೆ?"

"ಎರಡು ಕಂಬ."

ಕಾಗದದ ಹೆಂಗಸು ತಲೆ ಎತ್ತಿ ನೋಡಿದಳು. ಗಡ್ಡದವನು ಗಡಿಯಾರ ನೋಡಿ, "ಇನ್ನು ಎಂಟು ನಿಮಿಷ" ಎಂದ.

ಪಲ್ಲವಿ ಬಾಗಿದಳು. ಬೆನ್ನ ಕೆಳಗೆ ಅವಳ ಮುಷ್ಟಿ ಬಂತು. ನನ್ನ ಕಿವಿಯಲ್ಲಿ ಹಪ್ಪಳ ಮುರಿಯಿತು. ದೊಡ್ಡಮ್ಮ ನೋಡಿದ ನೋಟ ಕಣ್ಣ ಮುಂದೆ ಬಂತು, ಆದರೆ ಈಗ ನೋಡುತ್ತಿದ್ದವಳು ನಾನು. ಬೇಡ ಎನ್ನಬಹುದಿತ್ತು. ಎಂದರೆ ಅವಳು ಈಗಷ್ಟೇ ಹೇಳಿದ ಒಂದು ವರ್ಷದ ಕಥೆ ಪರೀಕ್ಷಕರ ಮುಂದೆ ಸುಳ್ಳಾಗುತ್ತದೆ. ಅವಳ ಕೆಲಸ, ಅವಳಪ್ಪನ ಮಾತು, ಎಲ್ಲ ನನ್ನ ಬಾಯಲ್ಲಿತ್ತು. ನಾನು ಏನೆಂದೆ ಗೊತ್ತೇ? "ಮಾಡು, ಏನೂ ಆಗಲ್ಲ" ಎಂದು ಪಿಸುಗುಟ್ಟಿದೆ.

ಭಾರ ಇಳಿಯತೊಡಗಿತು. ಅರ್ಧಕ್ಕೆ ನಿಂತಿತು.

ಅವಳ ಮುಖ ನನ್ನ ಮುಖದ ಮೇಲೆಯೇ ಇತ್ತು. ನನ್ನ ದುಂಡು ಕೆನ್ನೆಗಳನ್ನು ಆ ದಿನವೇ ಮೊದಲು ಕಂಡಂತೆ ನೋಡಿದಳು. ಆಮೇಲೆ ಕನ್ನಡದಲ್ಲಿ, ಮೆಲ್ಲಗೆ:

"ಅಜ್ಜಿ, ಸಿಟ್ಟಾಗಬ್ಯಾಡ್ರಿ. ಇನ್ನೊಂದು ಸಲ ಕೇಳ್ತೀನಿ. ಏನರೆ ತಿನ್ನಲಿಕ್ಕೆ ಹತ್ತೀರೇನು? ಮಾತ್ರೆ ಅಲ್ಲ. ಏನರೆ."

"ಇಂಗ್ಲಿಷಿನಲ್ಲಿ, ದಯವಿಟ್ಟು" ಎಂದ ಗಡ್ಡದವನು.

"ಇಲ್ಲ" ಎಂದೆ ನಾನು. ಎರಡನೆಯ ಸಲವೂ.

ಅವಳು ಮುಷ್ಟಿ ತೆಗೆದಳು. ನೆಟ್ಟಗೆ ನಿಂತು ಪರೀಕ್ಷಕರಿಗೆ ಇಂಗ್ಲಿಷಿನಲ್ಲಿ ಹೇಳಿದಳು: "ನಾನು ಇದನ್ನು ಮಾಡುವುದಿಲ್ಲ. ನನ್ನ ರೋಗಿ ಹೇಳುತ್ತಿರುವುದನ್ನು ನಾನು ನಂಬುವುದಿಲ್ಲ."

ನನಗೆ ಕೆನ್ನೆಗೆ ಹೊಡೆದಂತಾಯಿತು. ಮೊಮ್ಮಗಳ ವಯಸ್ಸಿನವಳು, ಪರರ ಎದುರು, ನನ್ನನ್ನು ಸುಳ್ಳುಗಾತಿ ಎಂದಳು. ಕೋಪ ಬಂದೇ ಬಂತು. ಕೋಪದ ಜೊತೆಗೇ ಪಕ್ಕೆಯ ಒಳಗೆ ಹಿಡಿದುಕೊಂಡಿದ್ದ ಉಸಿರು ಬಿಟ್ಟುಹೋಯಿತು. ಎದ್ದು ಕೂತೆ, ಕೈಯೂರಿಯೇ ಎದ್ದೆ. ಚೀಲದಿಂದ ಹಳದಿ ಡಬ್ಬಿ ತೆಗೆದು ಆ ನೀಲಿ ಕಾಗದದ ಮೇಲೆ ಇಟ್ಟೆ.

"ಇದು" ಎಂದೆ. "ನಾಲ್ಕು ತಿಂಗಳಿಂದ. ಇವತ್ತು ಎರಡು ಚಮಚ."

ಪರೀಕ್ಷಕ ಹೆಂಗಸು ಡಬ್ಬಿ ತೆರೆದು ಮೂಸಿ, ಮುಚ್ಚಿ, ನನ್ನ ಜಿಪಿಗೆ ಅಲ್ಲಿಂದಲೇ ಫೋನು ಮಾಡಿಸಿದಳು. ಪುಡಿ ತಟ್ಟನೆ ಬಿಡಬೇಡ, ಅದೂ ಅಪಾಯ, ಜಿಪಿ ಹೇಳಿದಂತೆ ಬಿಡು ಎಂದಳು. ಆಮೇಲೆ ಗೊತ್ತಾಯಿತು, ಗಿಡಮೂಲಿಕೆಯ ಜೊತೆ ಅದರಲ್ಲಿ ಸ್ಟೀರಾಯ್ಡ್ ಬೆರೆಸಿದ್ದರು. ದುಂಡು ಮುಖ, ಹಸಿವು, ಕೈಮೇಲಿನ ಕಲೆ, ಎಲ್ಲ ಅದರದೇ ಗುರುತು. ಸ್ಕ್ಯಾನು ಮಾಡಿಸಿದರೆ ಮೂಳೆಯೆಲ್ಲ ಜೊಳ್ಳು. ಮೊದಲೇ ಸವೆದದ್ದನ್ನು ಪುಡಿ ಇನ್ನಷ್ಟು ಸವೆಸಿತ್ತು. ಆ ಭಾರ ಇನ್ನರ್ಧ ಇಳಿದಿದ್ದರೆ ಒಂದಲ್ಲ, ಮೂರ್ನಾಲ್ಕು ಮುರಿಯುತ್ತಿದ್ದವು ಎಂದರು.

ಪಲ್ಲವಿ ಫೇಲಾದಳು. ಕೈ ನಿಲ್ಲಿಸಿದ್ದು ಸರಿ, ನಾಲ್ಕು ತಿಂಗಳು ಕೇಳದೆ ಬರೆದುಕೊಂಡದ್ದು ತಪ್ಪು ಎಂದರು. ನ್ಯಾಯವೇ. ಎರಡು ತಿಂಗಳ ನಂತರ ಬೇರೆ ರೋಗಿಯೊಂದಿಗೆ ಮತ್ತೆ ಪರೀಕ್ಷೆ. ಕ್ಯಾನರಿ ವಾರ್ಫಿನವರು ಅಷ್ಟು ದಿನ ಕಾಯಲಿಲ್ಲ.

ಆ ದಿನ ಅವಳು ಹೊರಗಿನ ಮೊಗಸಾಲೆಯಲ್ಲಿ ನೆಲದ ಮೇಲೆ ಕೂತಿದ್ದಳು. ನಾನು ಅವಳ ಪಕ್ಕದ ಕುರ್ಚಿಯಲ್ಲಿ ಕೂತೆ. ತನ್ನ ಅಂಗೈಗಳನ್ನು ನೋಡಿಕೊಳ್ಳುತ್ತ ಕೇಳಿದಳು:

"ಅಜ್ಜಿ, ಹಂಗಂದ್ರ ನನ್ನ ಕೈಯಿಂದ ಏನೂ ಗುಣ ಆಗಿರ್ಲಿಲ್ಲೇನು?"

"ಪುಡೀದೇ ಇರ್ಬೇಕು" ಎಂದೆ. ಸಮಾಧಾನ ಹೇಳುವುದು ನನಗೆ ಬರುವುದಿಲ್ಲ. ಅಳುತ್ತಾಳೆ ಎಂದುಕೊಂಡೆ, ಅಳಲಿಲ್ಲ. ಅದರ ಬದಲು ದೊಡ್ಡಮ್ಮನ ಪಕ್ಕೆಲುಬಿನ ಕಥೆ ಹೇಳಿಬಿಟ್ಟೆ. ಯಾರಿಗೂ ಹೇಳಿರಲಿಲ್ಲ, ಅವಳಿಗೆ ಹೇಳಿದೆ.

"ಆಮ್ಯಾಲೆ ಅವ್ರು ಸತ್ತ್ರೇನು?"

"ಹತ್ತು ವರ್ಷ ಬದುಕಿದ್ರು. ಮಗ್ಗುಲು ಬದಲಾಯಿಸ್ವಾಗೆಲ್ಲ ನನ್ನ ಕಡೆ ನೋಡೋರು."

"ಈ ಸದ್ದು ಗೊತ್ತಿದ್ದೂ ನನಗ ಮಾಡು ಅಂದ್ರಿ?"

ನಾನು ಚೀಲದ ಬಾಯಿ ಕಟ್ಟತೊಡಗಿದೆ. ಅವಳು ಎದ್ದು ಹೋದಳು. ಮತ್ತೆ ಪರೀಕ್ಷೆ ಮುಗಿದು ಪಾಸಾಗುವ ತನಕ ನನ್ನೊಂದಿಗೆ ಮಾತಾಡಲಿಲ್ಲ.

ಮಾತಾಡಿಸಿದ್ದು ಹೆಲೆನ್. ಒಂದು ದಿನ ಫೋನು ಮಾಡಿ, "ನೀವು ಬಹಳ ಚೆನ್ನಾಗಿ ಸುಳ್ಳು ಹೇಳುತ್ತೀರಂತೆ. ನಮ್ಮ ಹುಡುಗರ ಮುಂದೆ ಬಂದು ಹೇಳುತ್ತೀರಾ?" ಎಂದಳು. ತಮಾಷೆ ಎಂದುಕೊಂಡೆ, ಆದರೆ ಅವಳು ತಮಾಷೆ ಮಾಡುವವಳಲ್ಲ. ಅಂದಿನಿಂದ ವರ್ಷಕ್ಕೆ ನಾಲ್ಕಾರು ಸಲ ಹೋಗುತ್ತೇನೆ. ಹುಡುಗರಿಗೆ ನಾನು ಮಾಮೂಲಿ ರೋಗಿ. ಚೀಲದಲ್ಲಿ ಅದೇ ಹಳದಿ ಡಬ್ಬಿ, ಒಳಗೆ ಕಡಲೆಹಿಟ್ಟು. ಔಷಧಿ ಕೇಳಿದಾಗ ಬಿಪಿ ಒಂದೇ ಎನ್ನಬೇಕು, ಮತ್ತೆ ಕೇಳಿದರೆ ಮುಖ ಗಂಟಿಕ್ಕಬೇಕು, ಮೂರನೆಯ ಸಲ ಕೇಳಿದರೆ ಡಬ್ಬಿ ತೆಗೆಯಬೇಕು. ಕೇಳದೆ ತಳ್ಳಲು ಬಂದವರನ್ನು ಟೀಚರ್ ಕೊನೆಯ ಗಳಿಗೆಯಲ್ಲಿ ತಡೆಯುತ್ತಾರೆ. ಅಲ್ಲಿಯವರೆಗೆ ನಾನು ಬಾಯಿ ಬಿಡಬಾರದು, ಅದೇ ಕಟ್ಟಳೆ. ವರ್ಷಗಳು ಕಳೆದು ಹೆಲೆನ್ ನಿವೃತ್ತಳಾದಳು. ಈಗ ಗೋಡೆಗೊರಗಿ ನಿಂತು ತಡೆಯುವ ಟೀಚರ್ ಪಲ್ಲವಿ. ಅವಳು ನನ್ನನ್ನು ಈಗ ಮತ್ತೆ ಅಜ್ಜಿ ಎನ್ನುತ್ತಾಳೆ, ಆದರೆ ಎಲ್ಲವನ್ನೂ ಎರಡು ಸಲ ಕೇಳುತ್ತಾಳೆ. ಊಟ ಆಯಿತೇ ಎಂಬುದನ್ನೂ.

ಇವತ್ತಿನ ಕೆಂಪು ಕೂದಲಿನವಳು ಒಂದು ಸಲ ಕೇಳಿದಳು. ಬಿಪಿ ಒಂದೇ ಎಂದೆ. ಥ್ಯಾಂಕ್ಯೂ ಎಂದು ಬರೆದುಕೊಂಡಳು. ಬಹಳ ಮರ್ಯಾದೆಯ ಹುಡುಗಿ. ನನ್ನನ್ನು ಮಲಗಿಸಿ, ಓರೆಯಾಗಿ ಹರಿದ ಕಾಗದವನ್ನು ಭುಜದ ಕೆಳಗೆ ಸರಿಮಾಡಿ, ಕೈಗಳನ್ನು ಅಡ್ಡ ಹಾಕಿದಳು. ಮುಷ್ಟಿ ಬೆನ್ನ ಕೆಳಗೆ ಬಂತು. ಕೈ ಪರವಾಗಿಲ್ಲ, ಸ್ವಲ್ಪ ಹೆದರಿದ ಕೈ. ಪಲ್ಲವಿ ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದಳು. ಅವಳು ತಡೆಯುತ್ತಾಳೆ, ನನಗೇನೂ ಆಗುವುದಿಲ್ಲ, ಅದೂ ಗೊತ್ತು. ಆದರೂ ಹುಡುಗಿಯ ಭಾರ ಇಳಿಯತೊಡಗಿದಾಗ ಕಿವಿಯಲ್ಲಿ ಅದೇ ಸಣ್ಣ ಸದ್ದು.

ಕಟ್ಟಳೆ ಮುರಿದೆ. ಅಡ್ಡ ಹಾಕಿದ್ದ ಕೈ ಬಿಡಿಸಿ ಅವಳ ಮಣಿಕಟ್ಟು ಹಿಡಿದೆ.

"ನಿಲ್ಲು" ಎಂದೆ, ನನಗೆ ಬರುವ ಇಂಗ್ಲಿಷಿನಲ್ಲಿ. "ಇನ್ನೊಂದು ಸಲ ಕೇಳು. ನಾನು ಸುಳ್ಳು ಹೇಳುವವಳು."